ಖಾಲಿ ತಟ್ಟೆಯ ಸಾಕ್ಷಿ

ಆ ಬೆಳಿಗ್ಗೆ ನಾನು ಪಬ್ಬಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದೆ. ಅರ್ಧ ಬಕೆಟ್ಟು ಮುಗಿದಿತ್ತು. ಒಳಗಿನಿಂದ ಬಂದ ಭಾವ ನನ್ನ ಕೈಯಲ್ಲಿದ್ದ ಚಾಕುವನ್ನು ತೆಗೆದು ಪಕ್ಕಕ್ಕಿಟ್ಟರು.

"ಸಾಕು ಬಿಡಮ್ಮ. ಯಾರಿಗೋಸ್ಕರ ಇದೆಲ್ಲ."

ಭಾವ ಎಂದರೆ ನನ್ನ ಗಂಡನ ಅಣ್ಣ. ಸಮುದ್ರದ ದಂಡೆಯ ಮೇಲಿರುವ ಈ ಪಬ್ಬು ಅಣ್ಣತಮ್ಮಂದಿರಿಬ್ಬರದು. ಅತ್ತೆ ಕಟ್ಟಿ, ಬೆಳೆಸಿ, ಬಿಟ್ಟುಹೋದದ್ದು. ಮುಂದಿನ ಕೋಣೆ, ಬಿಯರಿನ ನಲ್ಲಿಗಳು, ಗಿರಾಕಿಗಳ ಜೊತೆಗಿನ ಹರಟೆ ಭಾವನ ಪಾಲು. ಹಿಂದಿನ ಅಡುಗೆಮನೆ ನನ್ನ ಗಂಡನ ಪಾಲು. ತರಕಾರಿ ಹೆಚ್ಚುವುದು, ತೊಟ್ಟಿಯ ಮುಂದೆ ನಿಂತು ತಟ್ಟೆ ತೊಳೆಯುವುದು ನನ್ನ ಪಾಲು. ಮಾಳಿಗೆಯ ಎರಡು ಕೋಣೆಗಳಲ್ಲಿ ನಾವಿಬ್ಬರೂ ನಮ್ಮ ಎಂಟು ವರ್ಷದ ಮಗಳೂ ಇರುತ್ತೇವೆ.

ಭಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಫೋನಿನಲ್ಲಿದ್ದುದನ್ನು ಓದಿದರು. "ಕೇಳು. 'ನೋಟಕ್ಕೆ ಹತ್ತಕ್ಕೆ ಹತ್ತು. ಸೂಪಿನ ಮೇಲೆ ಪೊರೆ ಕಟ್ಟಿತ್ತು, ಚಮಚದಲ್ಲಿ ಎತ್ತಿದರೆ ಇಡಿಯಾಗಿ ಎದ್ದು ಬಂತು. ಮೀನು ತಣ್ಣಗೆ, ಮೆತ್ತಗೆ, ಈಗ ತಾನೇ ಸಮುದ್ರದಿಂದ ಎದ್ದು ಬಂದ ಹಾಗಿತ್ತು. ಮುಂದಿನ ಸಲ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ ಬರೀ ನೋಟ ನೋಡಿ ಬರುತ್ತೇನೆ.'"

"ಯಾರು ಬರೆದಿದ್ದು?"

"ಹಲ್ಲಿನ ಡಾಕ್ಟರಮ್ಮ."

ಬೇರೆ ಯಾರಾದರೂ ಬರೆದಿದ್ದರೆ ಓದಿದವರು ಓದಿ ಮರೆಯುತ್ತಿದ್ದರು. ಊರಿನ ಹಲ್ಲುನೋವೆಲ್ಲ ಆಕೆಯ ಕುರ್ಚಿಗೇ ಬರಬೇಕು. ಅಲ್ಲಿ ಬಾಯಿ ತೆರೆದು ಒರಗಿದವರಿಗೆ ಆಕೆ ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳದೆ ಬೇರೆ ದಾರಿಯಿಲ್ಲ.

"ಈ ತಿಂಗಳಲ್ಲಿ ಇದು ಒಂಬತ್ತನೇದು," ಎಂದರು ಭಾವ. "ಕೊನೇ ಭಾನುವಾರದ ತನಕ ನೋಡ್ತೀನಿ. ಆಮೇಲೆ ಅಡುಗೆಮನೆಗೆ ಬೀಗ. ಬಿಯರು, ಕಡಲೆಕಾಯಿ, ಪೊಟ್ಟಣದ ಚಿಪ್ಸು. ಅಷ್ಟೇ."

ನನ್ನ ಗಂಡ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ತಟ್ಟೆ ನೋಡಿದ್ಯಾ ಅಣ್ಣ? ನಿನ್ನೆ ಮೂವತ್ತೆಂಟು ತಟ್ಟೆ ವಾಪಸ್ ಬಂತು. ಒಂದರಲ್ಲೂ ಒಂದು ಚೂರು ಉಳಿದಿರಲಿಲ್ಲ. ತೊಳೆದೋಳು ಇವಳೇ, ಕೇಳು."

ನಾನು ಹೌದೆಂದು ತಲೆಯಾಡಿಸಿದೆ. ನಿಜವೇ ಆಗಿತ್ತು. ಒಂದೆರಡು ವರ್ಷಗಳಿಂದ ತಟ್ಟೆಗಳು ತೊಳೆಯುವುದೇ ಬೇಡವೆನ್ನುವಷ್ಟು ಖಾಲಿಯಾಗಿ ಬರುತ್ತಿದ್ದವು.

ನಮ್ಮ ಮನೆಯಲ್ಲಿ ತಟ್ಟೆಯ ಮಾತೆಂದರೆ ಕೊನೆಯ ಮಾತು. ಅತ್ತೆ ಹಾಕಿಕೊಟ್ಟ ಪಾಠ ಅದು. "ಉಂಡವರ ಬಾಯಿ ಕೇಳಬೇಡಿ, ಉಂಡ ತಟ್ಟೆ ನೋಡಿ. ಬಾಯಿಗೆ ಮುಲಾಜಿರತ್ತೆ, ತಟ್ಟೆಗಿಲ್ಲ," ಎನ್ನುತ್ತಿದ್ದರು. ಮೂವತ್ತು ವರ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತು, ತೊಟ್ಟಿಗೆ ಹೋಗುವ ಪ್ರತಿ ತಟ್ಟೆಯನ್ನೂ ತಡೆದು ನೋಡುತ್ತಿದ್ದರು. ಬಟಾಣಿ ಉಳಿದಿದ್ದರೆ ಮರುದಿನ ಬಟಾಣಿ ಬೇರೆ ಥರ ಬೇಯುತ್ತಿತ್ತು. ಹಾಗಾಗಿ ಈ ಪಬ್ಬಿನಲ್ಲಿ ಯಾರೂ ಯಾವತ್ತೂ ಒಬ್ಬ ಗಿರಾಕಿಯನ್ನೂ ಊಟ ಹೇಗಿತ್ತೆಂದು ಕೇಳಿದವರಲ್ಲ. ಕೇಳುವುದು ನಮ್ಮಲ್ಲಿ ಕೈಯೊಡ್ಡಿದ ಹಾಗೆ, ಒಂಥರಾ ನಾಚಿಕೆಗೇಡು.

"ಮೂವತ್ತೆಂಟು ತಟ್ಟೆ ಸುಳ್ಳು ಹೇಳತ್ತಾ?" ಎಂದರು ನನ್ನ ಗಂಡ.

"ಒಂಬತ್ತು ಜನ ಸುಳ್ಳು ಬರೀತಾರಾ? ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕು ಮಾಡಿದೋನು ನೀನೇ. ನಿನ್ನ ಆ ಕಟ್ಟೆ ಬರೋ ಮುಂಚೆ ಯಾರೂ ಏನೂ ಬರೀತಿರಲಿಲ್ಲ."

ಕಟ್ಟೆ ಎಂದರೆ ಎರಡು ವರ್ಷದ ಹಿಂದೆ ಭಾವ ಸಮುದ್ರದ ಗೋಡೆಗೆ ಅಂಟಿಸಿ ಕಟ್ಟಿಸಿದ ಮರದ ಜಗಲಿ. ಅಲೆಯ ತುಂತುರು ಮುಖಕ್ಕೆ ಸಿಡಿಯುವಷ್ಟು ಹತ್ತಿರ. ಒಳಗಿನ ಊಟದ ಮೇಜುಗಳನ್ನೆಲ್ಲ ಅಲ್ಲಿಗೆ ಸಾಗಿಸಿದ್ದರು. ಅದನ್ನು ಯಾರಾದರೂ ಅಂದರೆ ಭಾವನಿಗೆ ಮಗುವನ್ನು ಅಂದ ಹಾಗೆ. ಭಾವ ಒಳಗೆ ಹೋದರು. ನನ್ನ ಗಂಡ ಚಾಕುವನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಸಿಪ್ಪೆ ತೆಗಿ," ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದರು. ಆ ಬೆನ್ನು ನೋಡಿ ನನಗೆ ಸಂಕಟವಾಯಿತು. ಹದಿನಾಲ್ಕನೆಯ ವಯಸ್ಸಿನಿಂದ ಅದೇ ಒಲೆಯ ಮುಂದೆ ನಿಂತ ಮನುಷ್ಯ. ಅಡುಗೆಮನೆಗೆ ಬೀಗ ಬಿದ್ದರೆ ಕಡಲೆಕಾಯಿ ಪೊಟ್ಟಣ ಹರಿದು ಬಟ್ಟಲಿಗೆ ಸುರಿಯುತ್ತಾ ಕೂರಬೇಕು. ಅವರು ಕೂರುವವರಲ್ಲ, ಒಣಗುವವರು.

ಆಲೂಗಡ್ಡೆ ಮುಗಿಯುವ ಹೊತ್ತಿಗೆ, ಶಾಲೆಯ ರಜೆಯಲ್ಲಿದ್ದ ಮಗಳು ಮಾಳಿಗೆಯಿಂದ ಇಳಿದು ಬಂದು ನನ್ನ ಬೆನ್ನಿಗೆ ಒರಗಿದಳು.

ಇವಳನ್ನು ಭಾವ ಜಡ್ಜಮ್ಮ ಎಂದು ಕರೆಯುತ್ತಾರೆ, ಎಲ್ಲವನ್ನೂ ನೋಡುತ್ತಾಳೆ, ತೀರ್ಪು ಮಾತ್ರ ಕೊಡುವುದಿಲ್ಲ ಎಂದು. ಬಾಗಿಲು ಹಾಕಿಕೊಂಡು ನಾವು ಮೂವರೇ ಇದ್ದಾಗ ಅರಳು ಹುರಿದ ಹಾಗೆ ಮಾತು. ಹೊರಗಿನವರು ಒಬ್ಬರು ಬಂದರೂ ಸಾಕು, ತುಟಿ ಅಂಟಿಕೊಳ್ಳುತ್ತದೆ. ಶಾಲೆಯಲ್ಲಿ ಮೂರು ವರ್ಷದಿಂದ ಹಾಜರಿಗೆ ಕೈಯೆತ್ತುತ್ತಾಳೆ, ದನಿ ಎತ್ತಿಲ್ಲ. ತೀರ ಹೇಳಲೇಬೇಕಾದದ್ದಿದ್ದರೆ ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟುತ್ತಾಳೆ, ನಾನು ಗಟ್ಟಿಯಾಗಿ ಹೇಳುತ್ತೇನೆ. ಬಯ್ದು ನೋಡಿ ಎಂದವರಿದ್ದಾರೆ, ಆಸೆ ತೋರಿಸಿ ಎಂದವರಿದ್ದಾರೆ. ಹಾಲು ಬೇಗ ಉಕ್ಕಲಿ ಎಂದು ಪಾತ್ರೆ ಅಲ್ಲಾಡಿಸಿದರೆ ಉಕ್ಕುತ್ತದೆಯೇ? ನಾನು ಕಾಯುತ್ತಿದ್ದೆ.

"ಅಮ್ಮ," ಎಂದಳು ಕಿವಿಯಲ್ಲಿ, "ತಟ್ಟೆ ಖಾಲಿ ಮಾಡೋದು ಜನ ಅಲ್ಲ."

"ಮತ್ತೆ?"

"ಹಕ್ಕಿ."

"ಯಾವ ಹಕ್ಕಿ?"

"ಕಡಲಹಕ್ಕಿ. ಜನ ಎದ್ದು ಹೋದ ಮೇಲೆ ಬರತ್ತೆ. ನಾನು ದಿನಾ ಕಿಟಕೀಲಿ ನೋಡ್ತೀನಿ."

"ಅಯ್ಯೋ ಕೂಸೇ, ಮೊದಲೇ ಹೇಳಬಾರದಿತ್ತಾ?"

"ನೀವ್ಯಾರೂ ಕೇಳಲಿಲ್ಲ."

ಮಧ್ಯಾಹ್ನ ಒಗೆದ ಹಾಸುಬಟ್ಟೆಗಳ ನೆಪ ಮಾಡಿಕೊಂಡು ಮಾಳಿಗೆಯ ಕಿಟಕಿಗೆ ಹೋಗಿ ನಿಂತೆ. ನಾಲ್ಕನೇ ಮೇಜಿನಲ್ಲಿ ಗಂಡಹೆಂಡಿರಿಬ್ಬರು ಕುಳಿತಿದ್ದರು. ಗಂಡ ಮೀನನ್ನು ಫೋರ್ಕಿನಿಂದ ಒಮ್ಮೆ ತಿವಿದ, ಒಂದು ತುತ್ತು ತಿಂದ, ಹೆಂಡತಿಯ ಮುಖ ನೋಡಿದ. ಅವಳು ತನ್ನ ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿದಳು. ಇಬ್ಬರೂ ಯಾರಿಗೂ ಏನೂ ಹೇಳಲಿಲ್ಲ. ಬಿಯರು ಮುಗಿಸಿದರು, ಸಮುದ್ರ ನೋಡಿದರು, ಎದ್ದು ಹೋದರು. ಎರಡೂ ಮೀನು ಹೆಚ್ಚುಕಮ್ಮಿ ಇಡಿಯಾಗಿ ತಟ್ಟೆಯಲ್ಲೇ ಇದ್ದವು.

ಬಡಿಸುವ ಕೆಲಸ ಉದ್ದಕ್ಕನದು. ಆಕೆ ಕಂಬದಷ್ಟೇ ಎತ್ತರ, ಆಗಲೂ ಒಂದು ಕಂಬಕ್ಕೇ ಒರಗಿ ಮೂರು ಮೇಜು ಖಾಲಿಯಾದ ಮೇಲೆ ತಟ್ಟೆಗಳನ್ನು ಒಟ್ಟಿಗೆ ಎತ್ತೋಣವೆಂದು ಕಾಯುತ್ತಿದ್ದಳು. ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದ ಬಿಳಿ ಹಕ್ಕಿಗಳು ಒಂದೊಂದಾಗಿ ಮೇಜಿಗಿಳಿದವು. ಅವುಗಳಲ್ಲಿ ಒಂದು ದಪ್ಪಗಿನದು, ಮದುವೆಮನೆಯ ಹಿರಿಯರ ಹಾಗೆ ಎದೆಯುಬ್ಬಿಸಿ ನಡೆದು ಬಂದು ಇಡೀ ಮೀನನ್ನು ತಲೆಯ ಕಡೆಯಿಂದ ನುಂಗಿತು. ಮುಳ್ಳೂ ಉಳಿಯಲಿಲ್ಲ. ಉಳಿದವು ಆಲೂಗಡ್ಡೆ, ಬ್ರೆಡ್ಡು, ಸಾಸಿನ ಗೆರೆ ಎಲ್ಲವನ್ನೂ ಕುಕ್ಕಿ ಒರೆಸಿದವು. ನಾನು ಒಂದು ಬಟ್ಟೆ ಹಿಂಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಎನ್ನುತ್ತಾರೆ. ಆ ಮೂರನೆಯವರಿಗೆ ರೆಕ್ಕೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೆಳಗಿಳಿದು ಬಂದಾಗ ತಟ್ಟೆಗಳು ತೊಟ್ಟಿಗೆ ಬಂದಿದ್ದವು. ನನ್ನ ಗಂಡ ಒಂದನ್ನೆತ್ತಿ ಬೆಳಕಿಗೆ ಹಿಡಿದು, "ನೋಡು, ಕನ್ನಡಿ," ಎಂದು ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದರು.

ಉದ್ದಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಹಕ್ಕಿ ವಿಷಯ ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ತಟ್ಟೆ ಹಗುರ ಆಗತ್ತೆ, ಒಂದೇ ಸಲಕ್ಕೆ ಹನ್ನೆರಡು ತರಬಹುದು."

"ಹೇಳೋದಲ್ವೇನೇ."

"ಒಡೆದ್ರೆ ಹೇಳು ಅಂದಿದ್ರು. ಹಕ್ಕಿ ತಿಂದ್ರೆ ಹೇಳು ಅಂತ ಯಾರು ಅಂದಿದ್ರು?"

ಬರೀ ಬಾಯಿಮಾತಿನಲ್ಲಿ ಹೇಳಿದರೆ ಅಣ್ಣತಮ್ಮಂದಿರು ಇನ್ನೊಂದು ಸುತ್ತು ಜಗಳವಾಡುತ್ತಾರೆಂದು ನನಗೆ ಗೊತ್ತಿತ್ತು. ಮಂಗಳವಾರ ಜನ ಇಲ್ಲದ ದಿನ. ಹನ್ನೆರಡು ಗಂಟೆಗೆ ಉದ್ದಕ್ಕನ ಕೈಯಲ್ಲಿ ಚೀಟಿ ಕಳಿಸಿದೆ: ನಾಲ್ಕನೇ ಮೇಜು, ಎರಡು ಸೂಪು, ಎರಡು ಮೀನು. ನನ್ನ ಗಂಡ ಎಂದಿನಂತೆ ಮನಸ್ಸಿಟ್ಟು ಮಾಡಿದರು. ಸೂಪಿನ ಉಪ್ಪು ನೋಡಿ ಕಣ್ಣು ಮುಚ್ಚಿ ತಲೆದೂಗಿದರು. ಮೀನಿನ ಹೊರಪದರವನ್ನು ಬೆರಳಿಂದ ತಟ್ಟಿ ಆ ಸದ್ದನ್ನು ಕೇಳಿದರು. ಎಲ್ಲ ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಟಕಿಗೆ ಬಂದ ಮೇಲೆ ಅವರ ಹೆಗಲಿನ ಟವೆಲನ್ನು ನಾನು ತೆಗೆದುಕೊಂಡೆ.

"ಹೋಗಿ ನಾಲ್ಕನೇ ಮೇಜಲ್ಲಿ ಕೂತ್ಕೊಳ್ಳಿ. ಗಿರಾಕಿ ನೀವೇ. ಭಾವನೂ ಬರ್ತಾರೆ."

"ಏನೇ ಇದು?"

"ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾನು ಏನಾದ್ರೂ ಕೇಳಿದೀನಾ? ಇದೊಂದು ನಡೆಸಿಕೊಡಿ."

ಇಬ್ಬರೂ ಎದುರುಬದುರು ಕುಳಿತರು, ಶಾಲೆಯಲ್ಲಿ ಶಿಕ್ಷೆಗೆ ಕೂರಿಸಿದ ಹುಡುಗರ ಹಾಗೆ. ಉದ್ದಕ್ಕನಿಗೆ ನಾನು ಹೇಳಿದ್ದು ಒಂದೇ ಮಾತು: ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡು. ಅವಳು ಹಾಗೇ ಮಾಡಿದಳು. ಬ್ರೆಡ್ಡು ಕತ್ತರಿಸಿ, ನೀರಿನ ಜಗ್ಗು ತುಂಬಿಸಿ, ತಲೆಗೂದಲು ಸರಿಮಾಡಿಕೊಂಡು, ನಾಲ್ಕೂ ತಟ್ಟೆಗಳನ್ನು ದೊಡ್ಡ ತಟ್ಟೆಯ ಮೇಲಿಟ್ಟುಕೊಂಡು ಹೊರಟಳು. ಕಾರಿಡಾರು, ಬಿಯರಿನ ಕೋಣೆ, ಹೊರಬಾಗಿಲು, ಹದಿನಾರು ಮೆಟ್ಟಿಲು, ಆಮೇಲೆ ಬಯಲಿನ ಗಾಳಿಯಲ್ಲಿ ಜಗಲಿಯ ಉದ್ದಕ್ಕೂ ನಡಿಗೆ. ನಾನು ಹಿಂದೆಯೇ ಎಣಿಸಿಕೊಂಡು ಹೋದೆ. ನೂರ ನಾಲ್ಕು ಹೆಜ್ಜೆ.

ನನ್ನ ಗಂಡ ಸೂಪಿಗೆ ಚಮಚ ಹಾಕಿದರು. ಪೊರೆ ಇಡಿಯಾಗಿ ಎದ್ದು ಬಂದು ಚಮಚದಿಂದ ಜೋತಾಡಿತು. ಅದನ್ನು ಪಕ್ಕಕ್ಕಿಟ್ಟು ಮೀನು ಮುರಿದರು. ಒಲೆಯ ಹತ್ತಿರ ಗರಿಗರಿ ಅಂದಿದ್ದು ನೆನೆದ ರಟ್ಟಿನ ಹಾಗೆ ಬಾಗಿತು. ಒಂದು ತುತ್ತು ತಿಂದು ಬಹಳ ಹೊತ್ತು ಅಗಿದರು.

"ಯಾರು ಮಾಡಿದ್ದು ಇದು?" ಎಂದರು, ನಿಜಕ್ಕೂ ಮರೆತವರ ಹಾಗೆ.

"ಮಾಡಿದ್ದುಣ್ಣೋ ಮಹರಾಯ," ಎಂದರು ಭಾವ. ಹೇಳಿ ನಗುವಷ್ಟರಲ್ಲಿ ಗಾಳಿ ಬೀಸಿ ಅವರ ಕರವಸ್ತ್ರ ಹಾರಿ ಸೂಪಿನಲ್ಲಿ ಬಿತ್ತು. ಮರುಗಾಳಿಗೆ ಅದೇ ಕರವಸ್ತ್ರ ಎದ್ದು ಅವರ ಅಂಗಿಗೆ ಅಂಟಿಕೊಂಡಿತು. "ಥತ್. ಇದೇನು ಊಟದ ಜಾಗವೋ, ಬಟ್ಟೆ ಒಣಗಿಸೋ ಜಾಗವೋ?"

"ಜಾಗ ನಿಮ್ಮದು ಭಾವ," ಎಂದೆ. "ಊಟ ಅವರದು. ಈಗ ಇಬ್ಬರೂ ಎದ್ದು ಬಾಗಿಲ ಹಿಂದೆ ಬನ್ನಿ. ಉಳಿದಿದ್ದು ನಾಟಕದ ಕೊನೇ ಅಂಕ."

ಬಾಗಿಲ ಸಂದಿಯಿಂದ ನಾಲ್ಕು ತಲೆಗಳು ಒಂದರ ಮೇಲೊಂದು ಇಣುಕಿದವು. ಎಲ್ಲಕ್ಕಿಂತ ಕೆಳಗಿನದು ನನ್ನ ಮಗಳದು. ದಪ್ಪ ಹಕ್ಕಿ ಮೊದಲು ಇಳಿಯಿತು. ಅದರ ಹಿಂದೆ ಪರಿವಾರ. ಉದ್ದಕ್ಕ ಆರಾಮವಾಗಿ ಹೋಗಿ, ಹಕ್ಕಿಗಳನ್ನು ಎಬ್ಬಿಸಿ, ತಟ್ಟೆಗಳನ್ನು ತಂದು ನನ್ನ ಗಂಡನ ಕೈಗಿತ್ತಳು. ಕನ್ನಡಿ.

ಅವರು ಆ ಖಾಲಿ ತಟ್ಟೆಯನ್ನು ನೋಡುತ್ತಾ ನಿಂತರು. ಅಳುತ್ತಾರೇನೋ ಎಂದುಕೊಂಡೆ. ಮೊದಲು ಹೆಗಲು ಅಲುಗಿತು, ಆಮೇಲೆ ಹೊಟ್ಟೆ. "ಎರಡು ವರ್ಷದಿಂದ," ಎಂದರು ನಗು ತಡೆಯಲಾರದೆ, "ಹಕ್ಕಿಗಳಿಗೆ ಉಪ್ಪು ಸರಿಯಾಗಿದ್ಯಾ ಅಂತ ನೋಡ್ತಾ ಇದ್ದೆನಲ್ಲೋ ಅಣ್ಣ." ಭಾವನೂ ಗೋಡೆ ಹಿಡಿದುಕೊಂಡು ನಕ್ಕರು. ಒಂಬತ್ತು ಜನ ಬರೆದದ್ದರಿಂದ ಆಗದ ಕೆಲಸ ಒಂದು ಹಕ್ಕಿಯಿಂದ ಆಯಿತು.

ನಗು ಮುಗಿದ ಮೇಲೆ ಭಾವ ಅಂಗಿ ಒರೆಸಿಕೊಳ್ಳುತ್ತಾ, "ಕೊನೇ ಭಾನುವಾರದ ಮಾತು ಮಾತೇ," ಎಂದರು. "ಎರಡು ವಾರ ಇದೆ. ಮತ್ತೆ, ನನಗೆ ತಟ್ಟೆಯ ಸಾಕ್ಷಿ ಬೇಡ. ಆ ಡಾಕ್ಟರಮ್ಮನ್ನ ನಾನೇ ಕರೀತೀನಿ. ಚೆನ್ನಾಗಿದೆ ಅಂತ ಅವರ ಬಾಯಿಂದಲೇ ಬರಬೇಕು. ಬಂದ್ರೆ ಅಡುಗೆಮನೆ ಉಳೀತು."

"ಸರಿ," ಎಂದರು ನನ್ನ ಗಂಡ.

ಊಟವನ್ನು ನೂರ ನಾಲ್ಕು ಹೆಜ್ಜೆ ಬಿಸಿಯಾಗಿ ಒಯ್ಯುವುದು ಹೇಗೆಂದು ಮೂರು ದಿನ ಯೋಚಿಸಿದೆವು. ಮುಚ್ಚಳ ಹಾಕಿ ನೋಡಿದೆವು. ಆವಿಗೆ ಮೀನು ಇನ್ನೂ ಮೆತ್ತಗಾಯಿತು. ತಟ್ಟೆ ಬಿಸಿಮಾಡಿ ನೋಡಿದೆವು. ಉದ್ದಕ್ಕನ ಬೆರಳು ಸುಟ್ಟು ಒಂದು ಮೀನು ನೆಲಕ್ಕೆ ಬಿತ್ತು. ಕೊನೆಗೆ ನಾನೇ ಹೇಳಿದೆ, "ಮಗು ಒಲೆ ಹತ್ರ ಬರಲ್ಲ ಅಂದ್ರೆ ನಾವು ಬಟ್ಟಲು ಹಿಡ್ಕೊಂಡು ಅದರ ಹಿಂದೆ ಹೋಗಲ್ವಾ? ಒಲೇನೇ ಹೋಗಲಿ."

ಭಾವ ಜಗಲಿಯ ಎರಡು ಮೇಜು ತೆಗೆಸಿದರು. ಅದು ಅವರಿಗೆ ಸುಲಭವಾಗಿರಲಿಲ್ಲ, ಸಮುದ್ರಕ್ಕೆ ತೀರ ಹತ್ತಿರದ ಮೇಜುಗಳವು. ಹಳೆಯ ಗಾಜಿನ ಬಾಗಿಲುಗಳನ್ನು ಗಾಳಿಗೆ ಅಡ್ಡವಾಗಿ ನಿಲ್ಲಿಸಿ ಅವುಗಳ ಹಿಂದೆ ಒಲೆ ಹೂಡಿದರು. ಇಪ್ಪತ್ತೆರಡು ತಿಂಡಿಯ ಪಟ್ಟಿ ಐದಕ್ಕಿಳಿಯಿತು. ಮೂವತ್ತು ವರ್ಷ ಗೋಡೆಗೆ ಮುಖ ಮಾಡಿ ಅಡುಗೆ ಮಾಡಿದ ನನ್ನ ಗಂಡನಿಗೆ ಜನರಿಗೆ ಮುಖ ಮಾಡಿ ನಿಲ್ಲುವುದೆಂದರೆ ಬರಿಮೈಯಲ್ಲಿ ನಿಂತ ಹಾಗೆ. ಮೊದಲ ದಿನ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು. ಎರಡನೆಯ ದಿನ ಒಂದು ಮುದುಕಿ, ಎಣ್ಣೆಯಿಂದ ತೆಗೆದ ಮೀನನ್ನು ಅಲ್ಲೇ ನಿಂತು ತಿಂದು, ನಾಲಿಗೆ ಸುಟ್ಟುಕೊಂಡು, "ಇನ್ನೊಂದು ಕೊಡಪ್ಪ," ಎಂದಳು. ಮೂರನೆಯ ದಿನ ಟೋಪಿ ಮೇಲೆ ಸರಿಯಿತು. ಉದ್ದಕ್ಕನಿಗೆ ಈಗ ಹತ್ತು ಹೆಜ್ಜೆಯ ಕೆಲಸ. ಜನ ಏಳುವ ಮುಂಚೆಯೇ ತಟ್ಟೆ ಎತ್ತುತ್ತಾಳೆಂದು ಬಯ್ಯಿಸಿಕೊಂಡಳು. ಹಕ್ಕಿಗಳು ಒಂದು ವಾರ ಗೋಡೆಯ ಮೇಲೆ ಕುಳಿತು ಶಾಪ ಹಾಕಿ, ಆಮೇಲೆ ದೋಣಿಕಟ್ಟೆಯ ಕಡೆ ಸಂಸಾರ ಸಾಗಿಸಿದವು.

ಆದರೆ ಒಂದು ಕೆಲಸ ಯಾರಿಗೂ ಬರಲಿಲ್ಲ: ಕೇಳುವುದು. ಶನಿವಾರ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಖಾಲಿ ಜಗಲಿಯಲ್ಲಿ ನನ್ನನ್ನು ಡಾಕ್ಟರಮ್ಮನ ಜಾಗದಲ್ಲಿ ಕೂರಿಸಿ ಅಭ್ಯಾಸ ಮಾಡಿದರು.

ಭಾವ ಬಂದು ಗಂಟಲು ಸರಿಮಾಡಿಕೊಂಡು, "ಊಟ... ಹೇಗೋ ಆಯ್ತಲ್ಲ?" ಎಂದರು.

"ಹೇಗೋ ಆಯ್ತಾ ಅಂತ ಕೇಳಿದ್ರೆ ಹೇಗೋ ಆಯ್ತು ಅಂತಾರೆ," ಎಂದೆ.

ಉದ್ದಕ್ಕ, "ತಿಂದ್ರಾ? ಹೇಗಿತ್ತೋ ಏನೋ, ನನ್ನ ಮೇಲೆ ಹೇಳಬೇಡಿ," ಎಂದಳು.

ನನ್ನ ಗಂಡ ಮೇಜಿನವರೆಗೆ ಬಂದು, ನನ್ನ ಮುಖ ನೋಡಿ, ಉಪ್ಪಿನ ಡಬ್ಬಿ ಎತ್ತಿಕೊಂಡು ವಾಪಸು ಹೋದರು.

ಮಗಳು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದಳು. ಆ ಸಂಜೆ ಅವಳ ತಲೆ ಬಾಚುವಾಗ ಕನ್ನಡಿಯಲ್ಲಿ ಅವಳ ತುಟಿ ಅಲುಗುವುದು ಕಂಡಿತು. ಸದ್ದಿಲ್ಲ. ಎರಡು ಪದ, ಮತ್ತೆ ಅದೇ ಎರಡು ಪದ. ನಾನು ಕಾಣದವಳ ಹಾಗೆ ಜಡೆ ಹೆಣೆದೆ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಹನ್ನೆರಡೂವರೆಗೆಲ್ಲ ಜಗಲಿ ತುಂಬಿ, ಕೆಲವರು ಗೋಡೆಗೆ ಒರಗಿ ಜಾಗಕ್ಕಾಗಿ ಕಾಯುತ್ತಿದ್ದರು. ಒಂದು ಗಂಟೆಗೆ ಹಲ್ಲಿನ ಡಾಕ್ಟರಮ್ಮ ತಮ್ಮ ವಯಸ್ಸಾದ ತಂದೆಯ ಕೈಹಿಡಿದು ಬಂದರು. ಕೈಚೀಲದಲ್ಲಿ ನಿಜಕ್ಕೂ ಒಂದು ಬುತ್ತಿಯ ಡಬ್ಬಿ ಇತ್ತು. ಭಾವ ಅದನ್ನು ನೋಡಿಯೂ ನೋಡದ ಹಾಗೆ ಕುರ್ಚಿ ಎಳೆದುಕೊಟ್ಟರು.

ನಾನು ಆ ಹೊತ್ತು ತೊಟ್ಟಿ ಬಿಟ್ಟು ಗಾಜಿನ ಬಾಗಿಲಿನ ಹಿಂದೆ ಒಲೆಯ ಪಕ್ಕ ನಿಂತೆ. ನನ್ನ ಗಂಡ ಸೂಪು ಕಳಿಸಿದರು. ಆಕೆ ಚಮಚ ಎತ್ತಿ ಊದಬೇಕಾಯಿತು. ಅದನ್ನು ಕಂಡು ನನ್ನ ಗಂಡ ನನ್ನ ಕೈ ಒತ್ತಿದರು. ಮೀನು ಹೋಯಿತು. ಆಕೆ ಮುರಿದಾಗ ಎದ್ದ ಆವಿ ನಮಗೂ ಕಂಡಿತು. ಅಲೆಗಳ ಸದ್ದಿನ ನಡುವೆ ಆ ಗರಿಗರಿ ನನಗೆ ಕೇಳಿಸಿತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಆ ಮುದುಕಪ್ಪ ತಮ್ಮದನ್ನು ತಿಂದು ಮುಗಿಸಿ, ಮಗಳ ತಟ್ಟೆಯಿಂದ ಒಂದು ತುಂಡು ಕದ್ದು ಕೈಗೆ ಏಟು ತಿಂದರು. ಆಕೆ ಬ್ರೆಡ್ಡಿನ ತುದಿಯಿಂದ ತಟ್ಟೆಯನ್ನು ಸುತ್ತ ಒರೆಸಿದರು.

ಉದ್ದಕ್ಕ ತಟ್ಟೆ ತಂದಿಟ್ಟಳು. ಖಾಲಿ. ನನ್ನ ಗಂಡ ಅದನ್ನು ನೋಡಿ ಭಾವನ ಕಡೆ ನೋಡಿದರು.

"ತಟ್ಟೆ ಬೇಡ ಅಂದೆನಲ್ಲ," ಎಂದರು ಭಾವ ಪಿಸುದನಿಯಲ್ಲಿ. "ಬಾಯಿ. ಹೋಗಿ ಕೇಳು."

"ನೀನು ಹೋಗು. ಮಾತು ನಿನ್ನ ಪಾಲು."

"ಒಂದು ವೇಳೆ ಚೆನ್ನಾಗಿಲ್ಲ ಅಂದ್ಬಿಟ್ರೆ?"

"ಅದಕ್ಕೇ ನೀನು ಹೋಗು ಅಂದಿದ್ದು."

"ಉದ್ದಕ್ಕ, ನೀನು..."

"ನನಗೆ ಆರನೇ ಮೇಜಲ್ಲಿ ಕೆಲಸ ಇದೆ," ಎಂದು ಆರನೇ ಮೇಜಿನತ್ತ ಹೊರಟೇಬಿಟ್ಟಳು.

ಡಾಕ್ಟರಮ್ಮ ಕೈಚೀಲ ಎತ್ತಿಕೊಂಡರು. ತಂದೆಯ ಕೋಲು ಹುಡುಕಿದರು. ಇನ್ನು ಎದ್ದು ಹೋಗುತ್ತಾರೆ, ಯಾರೂ ಕೇಳುವ ಮುಂಚೆಯೇ ಹೋಗುತ್ತಾರೆ ಎಂದು ನಾನು ಕೈ ಒರೆಸಿಕೊಂಡು ಹೆಜ್ಜೆ ಎತ್ತಿದೆ. ನನ್ನ ಪಕ್ಕದಲ್ಲೇ ಒಂದು ಪುಟ್ಟ ಮೈ ನುಸುಳಿ ಮುಂದೆ ಹೋಯಿತು.

ಅವಳು ಓಡಲಿಲ್ಲ. ಮೇಜುಗಳ ನಡುವೆ, ಕುರ್ಚಿಗಳ ಬೆನ್ನು ಒಂದೊಂದನ್ನೇ ಮುಟ್ಟುತ್ತಾ ನಡೆದಳು. ಮಧ್ಯದಲ್ಲಿ ಒಮ್ಮೆ ತಿರುಗಿ ನನ್ನ ಕಡೆ ನೋಡಿದಳು. ನನ್ನ ಕಿವಿಗೆ ಬಾಯಿಡಲು ಬರುತ್ತಾಳೆಂದು ಬಗ್ಗುವವಳಿದ್ದೆ; ಬಗ್ಗಲಿಲ್ಲ. ನೆಟ್ಟಗೆ ನಿಂತೆ. ನನ್ನ ಗಂಡ ಒಲೆ ಆರಿಸಿದರು, ಎಣ್ಣೆಯ ಸದ್ದು ನಿಲ್ಲಲೆಂದು.

ಡಾಕ್ಟರಮ್ಮನ ಮೊಣಕೈ ಹತ್ತಿರ ನಿಂತಳು. ಆಕೆ ಕೈಚೀಲವನ್ನು ಮತ್ತೆ ಮಡಿಲಿಗಿಟ್ಟು, ಮುಖ ಕೆಳಗೆ ತಂದು ಕಾದರು. ಮಗಳ ಕೈಗಳು ಲಂಗದ ಅಂಚನ್ನು ಹಿಡಿದು ಬಿಗಿದವು. ತುಟಿ ಅಲುಗಿತು, ಸದ್ದಿಲ್ಲ. ಇನ್ನೊಮ್ಮೆ ಅಲುಗಿತು. ಅಲೆಯೊಂದು ಗೋಡೆಗೆ ಬಡಿದು ಹಿಂದೆ ಸರಿಯಿತು. ಆಗ ನನ್ನ ಮಗಳು ಉಸಿರನ್ನು ಹೊಟ್ಟೆಯ ತಳದವರೆಗೆ ಎಳೆದುಕೊಂಡು, ಹನ್ನೊಂದು ಮೇಜಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಿದಳು:

"ಊಟ ಹೇಗಿತ್ತು?"